ವಾರಗಿತ್ತಿಯ ಬೆನ್ನು

ಹಿರಿಸೊಸೆ ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು ಅವಳ ಕೆಲಸ. ಹದಿನೆಂಟು ವರ್ಷದಿಂದ ಅದೇ ಸ್ಟೂಲು, ಅದೇ ಕಿಟಕಿ. ಅಳತೆಯಲ್ಲಿ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಹಾಕಿಕೊಂಡವರಿಗೆ ತಲೆ ಸುತ್ತುತ್ತದೆ. ಹಾಗಾಗಿ ಅಳೆದದ್ದನ್ನು ಇನ್ನೊಮ್ಮೆ ಅಳೆಯುವುದು ಅವಳ ಸ್ವಭಾವವೇ ಆಗಿಹೋಗಿತ್ತು. ಕೂತು ಕೂತು ಸೊಂಟ ಹಿಡಿದುಕೊಂಡಾಗ ಡಾಕ್ಟರು ದಿನಾ ನಡೆಯಿರಿ ಎಂದರು. ನಡೆದಳು. ನಡೆಯುವುದು ಬೇಜಾರಾಗಿ ಓಡಿದಳು. ಓಡುವುದು ಬೇಜಾರಾಗಲೇ ಇಲ್ಲ. ಆಗ ಅವಳಿಗೆ ಮೂವತ್ತಾರು, ಈಗ ನಲವತ್ತೆರಡು.

ಮೊದಮೊದಲು ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಯಾರು ಅಟ್ಟಿಸ್ಕೊಂಡು ಬರ್ತಿದ್ದಾರೆ ಅಂತ ಹೀಗೆ ಓಡ್ತೀಯೆ?"

"ಯಾರೂ ಇಲ್ಲ ಅತ್ತೆ."

"ಮತ್ತೆ ನಿಧಾನಕ್ಕೆ ಹೋಗು."

ಊರಿನ ಸಣ್ಣ ಓಟಗಳಿಗೆ ಟಿವಿಯವರು ಬರುವುದಿಲ್ಲ. ಲೈಬ್ರರಿಯ ಸೋರುವ ಮಾಡಿಗೆ, ಶಾಲೆಯ ಹೊಸ ಬೆಂಚಿಗೆ, ರಕ್ತದಾನದ ಪ್ರಚಾರಕ್ಕೆ, ಹೀಗೆ ಏನಾದರೊಂದು ನೆಪದಲ್ಲಿ ಭಾನುವಾರ ಬೆಳಿಗ್ಗೆ ನೂರೋ ನೂರೈವತ್ತೋ ಜನ ಸೇರುತ್ತಾರೆ. ಒಂದು ಮಡಚುವ ಮೇಜು, ಒಂದು ಡಬ್ಬಿ ಸೇಫ್ಟಿ ಪಿನ್ನು, ಎದೆಗೆ ಚುಚ್ಚಿಕೊಳ್ಳುವ ನಂಬರು, ರಸ್ತೆಗೆ ಅಡ್ಡವಾಗಿ ಒಂದು ಸುಣ್ಣದ ಗೆರೆ. ಇದನ್ನೆಲ್ಲ ನೋಡಿಕೊಳ್ಳುವವರು ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು. ಪಿಸ್ತೂಲಿನ ಬದಲು ಕೊರಳಲ್ಲಿ ನೇತಾಡುವ ಸೀಟಿ ಊದಿ ಓಟ ಶುರು ಮಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವರು ಸೀಟಿ ಮೇಷ್ಟ್ರು.

ಹತ್ತು ಕಿಲೋಮೀಟರ್ ಓಟದಲ್ಲಿ ಮೂವತ್ತೈದರಿಂದ ನಲವತ್ತೈದು ವಯಸ್ಸಿನ ಹೆಂಗಸರಲ್ಲಿ ಮೊದಲ ಮೂವರಿಗೆ ಬಹುಮಾನದ ಕಪ್ಪು. ಹಿರಿಸೊಸೆ ಆರು ವರ್ಷದಲ್ಲಿ ಹನ್ನೊಂದು ಸಲ ನಾಲ್ಕನೆಯವಳಾಗಿ ಬಂದಿದ್ದಳು. ಮೊದಲನೆಯ ಜಾಗ ಬ್ಯಾಂಕಿನ ಮೇಡಮ್ಮಿನದು, ಎರಡನೆಯದು ಅಂಚೆ ಕಚೇರಿಯಾಕೆಯದು. ಅದು ಬರೆದಿಟ್ಟ ಹಾಗೆ. ಮೂರನೆಯ ಜಾಗ ಮಾತ್ರ ಖಾಲಿ ಕುರ್ಚಿಯಂತೆ ಕಾಣುತ್ತಿತ್ತು, ಆದರೆ ಪ್ರತಿ ಸಲ ಯಾರೋ ಹೊಸಬರು ಬಂದು ಕೂತುಬಿಡುತ್ತಿದ್ದರು. ಒಮ್ಮೆ ಪಕ್ಕದೂರಿನ ನರ್ಸು, ಒಮ್ಮೆ ಯಾರದೋ ಮನೆಗೆ ನೆಂಟಳಾಗಿ ಬಂದಿದ್ದ ಹೆಂಗಸು.

"ನಾಲ್ಕನೆಯವರಿಗೆ ಏನು ಕೊಡ್ತಾರೆ?" ಎಂದು ಅತ್ತೆ ಒಮ್ಮೆ ಕೇಳಿದ್ದರು.

"ಬಾಳೆಹಣ್ಣು."

"ಅದು ಎಲ್ಲರಿಗೂ ಕೊಡ್ತಾರಲ್ಲ?"

"ಹೌದು ಅತ್ತೆ."



ಮನೆ ಎರಡು ಅಂತಸ್ತಿನದು. ಕೆಳಗೆ ಹಿರಿಸೊಸೆ, ಲಿಫ್ಟ್ ರಿಪೇರಿ ಮಾಡುವ ಅವಳ ಗಂಡ ಮತ್ತು ಅತ್ತೆ. ಮೇಲಿನ ಒಂದೂವರೆ ಕೋಣೆಯಲ್ಲಿ ಟೈಲ್ಸ್ ಹಾಕುವ ಮೈದುನ ಮತ್ತು ಅವನ ಹೆಂಡತಿ, ಅಂದರೆ ಕಿರಿಸೊಸೆ. ಅವಳಿಗೆ ಮೂವತ್ತಾರು. ಅವಳ ಕೆಲಸ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಒದ್ದೆ ಹಾಸಿಗೆ ಬಟ್ಟೆ ತುಂಬಿದ ತಳ್ಳುಗಾಡಿಯನ್ನು ನೆಲಮಾಳಿಗೆಯಿಂದ ಇಳಿಜಾರಿನಲ್ಲಿ ಮೇಲಕ್ಕೆ ತಳ್ಳುವುದು, ಒಣಗಿದ್ದನ್ನು ಮಡಚಿ ವಾರ್ಡಿಗೆ ಮುಟ್ಟಿಸುವುದು. ದಿನಕ್ಕೆ ಎಷ್ಟು ಸಲ ಏರಿ ಇಳಿಯುತ್ತಾಳೋ ಅವಳಿಗೇ ಲೆಕ್ಕವಿರಲಿಲ್ಲ. ನಗುಮುಖ, ಗಟ್ಟಿ ದನಿ, ಬಾಯಿ ತುಂಬ "ಅಕ್ಕ." ವಾರಗಿತ್ತಿಯರು ಅಂದರೆ ಹಾವು ಮುಂಗುಸಿ ಎನ್ನುವ ಮಾತು ಆ ಮನೆಯಲ್ಲಿ ಸುಳ್ಳಾಗಿತ್ತು. ಓಟಕ್ಕೆ ಹೋದಾಗೆಲ್ಲ ಕಿರಿಸೊಸೆಯೂ ಜೊತೆಗೆ ಹೋಗಿ, ಚೀಲ ಮತ್ತು ಚಹಾದ ಫ್ಲಾಸ್ಕು ಇಟ್ಟುಕೊಂಡು, ಗೆರೆಯ ಹತ್ತಿರ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಅಕ್ಕ ಕಂಡ ಕೂಡಲೇ ರಸ್ತೆಯ ತುದಿಯವರೆಗೂ ಕೇಳುವಂತೆ ಕೂಗುತ್ತಿದ್ದಳು.

ಶಾಲೆಯ ಬೆಂಚಿನ ಓಟದ ದಿನ ಹಿರಿಸೊಸೆಯ ಅಂಗಡಿಯ ಇನ್ನೊಬ್ಬ ಕೆಲಸದಾಕೆ ಹೆಸರು ಕೊಟ್ಟಿದ್ದರೂ ಬರಲಿಲ್ಲ. ನಂಬರು ಉಳಿದಿತ್ತು.

"ನಾನು ಓಡ್ಲಾ ಅಕ್ಕ?" ಎಂದಳು ಕಿರಿಸೊಸೆ. "ಸುಮ್ನೆ ಕೂತು ಕೂತು ಚಳಿ ಆಗುತ್ತೆ."

"ಹತ್ತು ಕಿಲೋಮೀಟರ್ ಕಣೇ. ಆಮೇಲೆ ನಾಳೆ ಕಾಲು ಬರಲ್ಲ ಅಂತ ನನ್ನ ಬೈಬೇಡ."

"ಆಗ್ದಿದ್ರೆ ನಡ್ಕೊಂಡು ಬರ್ತೀನಿ."

ಹಿರಿಸೊಸೆಯೇ ಅವಳ ಎದೆಗೆ ನಂಬರು ಚುಚ್ಚಿ, ಹೆಸರು ತಿದ್ದಿಸಿದಳು. ಕಿರಿಸೊಸೆಯ ಕಾಲಲ್ಲಿದ್ದದ್ದು ಕೆಲಸಕ್ಕೆ ಹಾಕಿಕೊಂಡು ಹೋಗುವ ಕ್ಯಾನ್ವಾಸ್ ಶೂ. ಹೆಬ್ಬೆರಳ ಹತ್ತಿರ ತೂತು ಬಿದ್ದಿತ್ತು. ಶುರುವಿನಲ್ಲಿ ಅವಳು ಹಿಂದೆಲ್ಲೋ ಉಳಿದಳು. ಏಳನೆಯ ಕಿಲೋಮೀಟರಿನ ಏರಿನಲ್ಲಿ ಹಿರಿಸೊಸೆ ಹಲ್ಲು ಕಚ್ಚಿ ಓಡುತ್ತಿದ್ದಾಗ ಪಕ್ಕದಲ್ಲಿ ಚಪಚಪ ಸದ್ದು ಕೇಳಿಸಿತು.

"ಅಕ್ಕ, ಇನ್ನೂ ಎಷ್ಟು ದೂರ ಇದೆ?"

ಅಡುಗೆಮನೆಯಲ್ಲಿ ನಿಂತು ಕೇಳಿದ ಹಾಗಿತ್ತು ಆ ದನಿ. ಏದುಸಿರೇ ಇರಲಿಲ್ಲ. ಹಿರಿಸೊಸೆಗೆ "ಮೂರು" ಎನ್ನುವುದಕ್ಕೆ ಮಾತ್ರ ಉಸಿರಿತ್ತು.

"ಸರಿ, ನಾನು ಸ್ವಲ್ಪ ಮುಂದೆ ಹೋಗಿರ್ತೀನಿ" ಎಂದು ಕಿರಿಸೊಸೆ ಹೊರಟುಹೋದಳು. ಆ ದಿನ ಹಿರಿಸೊಸೆ ಮೊದಲ ಸಲ ಅವಳ ಬೆನ್ನನ್ನು ಸರಿಯಾಗಿ ನೋಡಿದಳು. ಅಗಲವಾದ, ಅಲುಗಾಡದ ಬೆನ್ನು. ಗಾಡಿ ತಳ್ಳಿ ತಳ್ಳಿ ಗಟ್ಟಿಯಾದದ್ದು. ಏರು ಮುಗಿಯುವಷ್ಟರಲ್ಲಿ ಅದು ಅಂಗೈಯಷ್ಟಾಗಿ, ತಿರುವಿನಲ್ಲಿ ಕಾಣದಾಯಿತು.

ಬ್ಯಾಂಕಿನ ಮೇಡಂ, ಅಂಚೆ ಕಚೇರಿಯಾಕೆ, ಕಿರಿಸೊಸೆ. ಆಮೇಲೆ ಹಿರಿಸೊಸೆ.

ಕಪ್ಪು ಕೊಡುವಾಗ ಸೀಟಿ ಮೇಷ್ಟ್ರು ಹಿರಿಸೊಸೆಯ ಕಡೆ ತಿರುಗಿ, "ಇಷ್ಟು ದಿನ ಇವರನ್ನ ಎಲ್ಲಿ ಮುಚ್ಚಿಟ್ಟಿದ್ರಿ?" ಎಂದು ನಕ್ಕರು. ಅವಳೂ ನಕ್ಕಳು. ಹೊಟ್ಟೆಯೊಳಗೆ ಮಾತ್ರ ಯಾರೋ ಕಡ್ಡಿ ಗೀರಿದಂತಾಯಿತು.

ಕಡ್ಡಿ ಆರಲಿಲ್ಲ. ಮುಂದಿನ ಎಂಟು ತಿಂಗಳಲ್ಲಿ ನಾಲ್ಕು ಓಟ ನಡೆದವು, ನಾಲ್ಕರಲ್ಲೂ ಕಿರಿಸೊಸೆ ಮುಂದೆ. ಒಂದರಲ್ಲಿ ಅಂಚೆ ಕಚೇರಿಯಾಕೆಯನ್ನೂ ಹಿಂದೆ ಹಾಕಿದಳು. ಮೇಲಿನ ಮನೆಯಲ್ಲಿ ಜಾಗವಿಲ್ಲ ಎಂದು ಅವಳ ಕಪ್ಪುಗಳು ಕೆಳಗಿನ ನಡುಮನೆಯ ಟಿವಿ ಪಕ್ಕಕ್ಕೆ ಬಂದವು. ಅತ್ತೆಗೆ ಅದೇ ಬೇಕಿತ್ತು. ಬಂದವರಿಗೆಲ್ಲ "ನಮ್ಮ ಚಿಕ್ಕವಳದು" ಎಂದು ತೋರಿಸುತ್ತಿದ್ದರು. ಧೂಳು ಒರೆಸುವವಳು ಹಿರಿಸೊಸೆ. ಪ್ರತಿ ಶನಿವಾರ ಒದ್ದೆ ಬಟ್ಟೆ ಹಿಡಿದು ಉಳಿದ ಸಾಮಾನನ್ನೆಲ್ಲ ಎತ್ತಿ, ಒರೆಸಿ, ಇಡುವಾಗ ಅವಳು ಕಪ್ಪಿನ ಸುತ್ತಲೂ ಒರೆಸುತ್ತಿದ್ದಳೇ ಹೊರತು ಕಪ್ಪನ್ನು ಒರೆಸುತ್ತಿರಲಿಲ್ಲ. ಅದನ್ನು ಬೇರೆ ಯಾರೂ ಗಮನಿಸಲಿಲ್ಲ, ಆದರೆ ತಾನು ಹಾಗೆ ಮಾಡುತ್ತಿರುವುದು ಅವಳಿಗೆ ಗೊತ್ತಿತ್ತು.

ಅವಳು ಹೊಸ ಶೂ ಕೊಂಡಳು. ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಎದ್ದು, ಮೇಲಿನವರಿಗೆ ಗೇಟಿನ ಸದ್ದು ಕೇಳದಂತೆ ಚಿಲಕ ತೆಗೆದು, ಒಬ್ಬಳೇ ಓಡಿಬಂದಳು. ರಕ್ತದಾನದ ಓಟದ ತಾರೀಖನ್ನು ಕಿರಿಸೊಸೆಗೆ ಹೇಳಲಿಲ್ಲ. ಅವಳು ಆಸ್ಪತ್ರೆಯ ಗೋಡೆಯ ಮೇಲೇ ಅಂಟಿಸಿದ್ದ ಪೋಸ್ಟರ್ ನೋಡಿಕೊಂಡು ಬಂದು, "ಅಕ್ಕ, ನಿಮಗೆ ಗೊತ್ತಾಗ್ಲಿಲ್ಲ ಅನ್ಸುತ್ತೆ, ಇಬ್ಬರ ಹೆಸರೂ ಕೊಟ್ಟು ಬಂದೆ" ಎಂದಳು. ಒಳ್ಳೆಯತನವನ್ನು ಹೀಗೆ ಎದುರಿಗೆ ತಂದು ಸುರಿದರೆ ಮನುಷ್ಯ ಎಲ್ಲಿಗೆ ಓಡಬೇಕು? ಕಿರಿಸೊಸೆ ಜಂಬ ಮಾಡಿದ್ದರೆ ಹಿರಿಸೊಸೆಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಮಾತ್ರ ಯಾರು ಕೇಳಿದರೂ "ಅಕ್ಕನೇ ಹಚ್ಚಿದ್ದು ಈ ಹುಚ್ಚು" ಎನ್ನುತ್ತಿದ್ದಳು. ಹೊಗಳಿಕೆಯಲ್ಲಿ ಪಾಲು ಸಿಕ್ಕರೂ ಹಿರಿಸೊಸೆಗೆ ಅದು ಎಂಜಲಿನಂತೆ ಅನಿಸುತ್ತಿತ್ತು.

ಲೈಬ್ರರಿ ಓಟ ಪ್ರತಿ ವರ್ಷವೂ ಒಂದೇ ದಾರಿಯಲ್ಲಿ ನಡೆಯುತ್ತಿತ್ತು. ಹಿರಿಸೊಸೆ ಅದನ್ನು ಐದು ಸಲ ಓಡಿದ್ದಳು, ಕಿರಿಸೊಸೆಗೆ ಅದೇ ಮೊದಲು. ಅರ್ಧ ದಾರಿಯಲ್ಲಿ ಗೋದಾಮುಗಳ ನಡುವೆ ಒಂದು ನಾಲ್ಕು ರಸ್ತೆಯ ಕೂಡು ಬರುತ್ತದೆ. ಅಲ್ಲಿ ಮರದ ಡಿಪೋ ಪಕ್ಕದಿಂದ ಎಡಕ್ಕೆ ತಿರುಗಬೇಕು. ಪ್ರತಿ ವರ್ಷ ಒಬ್ಬರು ಬಾವುಟ ಹಿಡಿದು ನಿಂತಿರುತ್ತಾರೆ, ನೆಲದ ಮೇಲೆ ಸೀಮೆಸುಣ್ಣದ ಬಾಣವೂ ಇರುತ್ತದೆ.

ಆ ವರ್ಷ ಬಾವುಟ ಹಿಡಿದಿದ್ದವರು ಲೈಬ್ರರಿಯ ಮೇಡಂ. ಅವರ ಸ್ಕೂಟರು ಯಾವುದೋ ಗೋದಾಮಿನ ಬಾಗಿಲಿಗೆ ಅಡ್ಡವಾಗಿದೆ ಎಂದು ಲಾರಿಯವನು ಹಾರ್ನ್ ಬಾರಿಸಿದ್ದಕ್ಕೆ ತೆಗೆಯಲು ಹೋಗಿದ್ದರು. ಬಾಣದ ಮೇಲೆ ಅದೇ ಲಾರಿ ನಿಂತಿತ್ತು. ಬ್ಯಾಂಕಿನ ಮೇಡಂ ಮತ್ತು ಅಂಚೆ ಕಚೇರಿಯಾಕೆ ಅದಕ್ಕೂ ಮುಂಚೆ ತಿರುಗಿ ಹೋಗಿಯಾಗಿತ್ತು. ಹಿರಿಸೊಸೆ ಕೂಡುರಸ್ತೆಗೆ ಐವತ್ತು ಹೆಜ್ಜೆ ದೂರವಿದ್ದಾಗ ಕಿರಿಸೊಸೆ ಅದನ್ನು ಮುಟ್ಟಿದಳು. ಒಂದು ಗಳಿಗೆ ಹೆಜ್ಜೆ ನಿಧಾನ ಮಾಡಿ ಆಚೆ ಈಚೆ ನೋಡಿದಳು. ತಿರುಗಿ ಹಿಂದಕ್ಕೂ ನೋಡಿದಳು. ಹಿರಿಸೊಸೆ ಥಟ್ಟನೆ ತಲೆ ತಗ್ಗಿಸಿದಳು. ಕಿರಿಸೊಸೆ ನೇರಕ್ಕೆ ಓಡಿದಳು.

ಐವತ್ತು ಹೆಜ್ಜೆ ಅಂದರೆ ಕೂಗಿದರೆ ಕೇಳುವ ದೂರ. "ಎಡಕ್ಕೆ" ಎನ್ನುವುದು ಮೂರಕ್ಷರದ ಮಾತು. ಅವಳಿಗೆ ಉಸಿರಿತ್ತು. ಬಾಯಿ ತೆರೆದದ್ದೂ ಅವಳಿಗೆ ನೆನಪಿದೆ. ಆಮೇಲೆ ಆ ಬೆನ್ನು, ಎಂಟು ತಿಂಗಳಿಂದ ಕಣ್ಣಿಗೆ ಚುಚ್ಚುತ್ತಿದ್ದ ಆ ಬೆನ್ನು, ತಾನಾಗಿಯೇ ದಾರಿ ಬಿಟ್ಟು ಹೋಗುತ್ತಿರುವುದು ಕಾಣಿಸಿತು. ಅವಳು ಬಾಯಿ ಮುಚ್ಚಿದಳು. ಕೂಡುರಸ್ತೆಗೆ ಬಂದು ಲಾರಿಯನ್ನು ಬಳಸಿ ಎಡಕ್ಕೆ ತಿರುಗಿದಳು.

ಉಳಿದ ಐದು ಕಿಲೋಮೀಟರನ್ನು ಅವಳು ತನ್ನ ಜೀವಮಾನದಲ್ಲೇ ಅತಿ ವೇಗವಾಗಿ ಓಡಿದಳು. ಮೂರನೆಯವಳಾಗಿ ಗೆರೆ ದಾಟಿದಾಗ ಸೀಟಿ ಮೇಷ್ಟ್ರು ಗಡಿಯಾರ ನೋಡಿ, "ಭೇಷ್. ಐವತ್ತೈದು ಹತ್ತು. ನಿಮ್ಮ ಲೆಕ್ಕದಲ್ಲಿ ಇದೇ ಉತ್ತಮ ಅಲ್ವಾ?" ಎಂದರು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಅವಳು ತಾನೇ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡಳು.

ಕಪ್ಪು ಕೊಟ್ಟಾಯಿತು. ಜನ ಚದುರತೊಡಗಿದರು. ಆಗ ರಸ್ತೆಯ ತುದಿಯಲ್ಲಿ ಕಿರಿಸೊಸೆ ಕಾಣಿಸಿಕೊಂಡಳು. ಒಂದು ಮಂಡಿ ತರಚಿ ರಕ್ತ ಪಾದದವರೆಗೂ ಇಳಿದಿತ್ತು, ಅಂಗೈಗೆಲ್ಲ ಜಲ್ಲಿಯ ಪುಡಿ. ಆದರೂ ಓಡುತ್ತಲೇ ಬಂದು ಗೆರೆ ದಾಟಿ, ಮೇಜು ಹಿಡಿದುಕೊಂಡು ನಿಂತಳು.

"ಎಲ್ಲಿಗೆ ಹೋಗಿದ್ರಮ್ಮ?" ಎಂದರು ಸೀಟಿ ಮೇಷ್ಟ್ರು.

"ರೈಲು ಗೇಟಿನ ತನಕ" ಎಂದು ಅವಳು ನಕ್ಕಳು. "ಅಲ್ಲಿ ಗೇಟಿನವರು, ಇಲ್ಲಿಂದ ಮುಂದೆ ಓಡ್ಬೇಕು ಅಂದ್ರೆ ಟಿಕೆಟ್ ತೊಗೊಳ್ಳಿ ಅಂದ್ರು."

ಸುತ್ತಲಿದ್ದವರೆಲ್ಲ ನಕ್ಕರು. ಲೈಬ್ರರಿ ಮೇಡಂ ಓಡಿಬಂದು ಕೈ ಹಿಡಿದು ತಪ್ಪಾಯಿತು, ಸ್ಕೂಟರು, ಲಾರಿ ಎಂದು ಶುರು ಮಾಡಿದರು.

"ಇರ್ಲಿ ಬಿಡಿ ಮೇಡಂ, ನಿಮ್ಮ ತಪ್ಪಲ್ಲ. ನಂಗೂ ಕೂಡುರಸ್ತೇಲಿ ಸಂದೇಹ ಬಂತು. ತಿರುಗಿ ನೋಡಿದೆ, ಅಕ್ಕ ಹಿಂದೆನೇ ಬರ್ತಿದ್ರು. ನಾನು ದಾರಿ ತಪ್ಪಿದ್ರೆ ಅವರು ಕೂಗ್ದೇ ಇರ್ತಾರಾ? ಹಾಗಾಗಿ ಸರಿಯಾಗೇ ಹೋಗ್ತಿದ್ದೀನಿ ಅಂದ್ಕೊಂಡೆ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ನಾನು ನೋಡ್ಲಿಲ್ಲ ಕಣೇ" ಎಂದಳು ಹಿರಿಸೊಸೆ, ಯಾರೂ ಕೇಳದೆಯೇ. "ತಲೆ ತಗ್ಗಿಸ್ಕೊಂಡು ಓಡ್ತಿದ್ದೆ. ಕಣ್ಣಿಗೆ ಬೆವರು ಬೇರೆ."

"ಗೊತ್ತಕ್ಕ" ಎಂದು ಕಿರಿಸೊಸೆ ಅವಳ ಕೈಲಿದ್ದ ಕಪ್ಪು ನೋಡಿ ಕಣ್ಣರಳಿಸಿದಳು. "ಬಂತಾ? ಅಯ್ಯೋ, ನಾನು ನೋಡ್ಬೇಕಿತ್ತು. ನೀವು ಗೆರೆ ದಾಟುವಾಗ ಕೂಗೋಕೆ ಯಾರೂ ಇರ್ಲಿಲ್ವಲ್ಲ."

ಮನೆಯಲ್ಲಿ ಅತ್ತೆ ಉಳಿದ ಕಪ್ಪುಗಳನ್ನು ಹಿಂದಕ್ಕೆ ಸರಿಸಿ, ದೊಡ್ಡಸೊಸೆಯದನ್ನು ಮುಂದಿಟ್ಟರು. ಗಂಡ "ಕೊನೆಗೂ ಮೇಲಿನ ಮಹಡಿಗೆ ಲಿಫ್ಟ್ ಹತ್ತಿತು ನೋಡು" ಎಂದು ತನ್ನ ಕಸುಬಿನ ಜೋಕು ಮಾಡಿದ. ಮೈದುನ ಮೇಲಿನಿಂದಲೇ "ಅತ್ತಿಗೆ, ಪಾರ್ಟಿ ಯಾವಾಗ?" ಎಂದು ಕೂಗಿದ. ಕಿರಿಸೊಸೆ ಮೆಟ್ಟಿಲ ಮೇಲೆ ಕೂತು ಮಂಡಿಗೆ ಹತ್ತಿ ಒತ್ತಿಕೊಳ್ಳುತ್ತಿದ್ದಳು. ಹಿರಿಸೊಸೆ ಸ್ನಾನಕ್ಕೆಂದು ಒಳಗೆ ಹೋಗಿ, ಚಿಲಕ ಹಾಕಿ, ನೀರು ಬಿಟ್ಟುಕೊಂಡಳು.

ಖುಷಿ ಮೂರು ದಿನವೂ ಬಾಳಲಿಲ್ಲ. ಬುಧವಾರ ಅಂಗಡಿಯಲ್ಲಿ ಒಬ್ಬ ಮುದುಕರ ಗಾಜನ್ನು ಹೆಚ್ಚು ಉಜ್ಜಿ ಕೆಡಿಸಿದಳು; ಹಾಗೆ ಕೆಡಿಸಿ ವರ್ಷಗಳೇ ಆಗಿದ್ದವು. ಗುರುವಾರ ಕೆಲಸ ಬಿಟ್ಟ ಮೇಲೆ ಕಪ್ಪನ್ನು ಊಟದ ಚೀಲದಲ್ಲಿಟ್ಟುಕೊಂಡು ಸೀಟಿ ಮೇಷ್ಟ್ರನ್ನು ಹುಡುಕಿಕೊಂಡು ಲೈಬ್ರರಿಗೆ ಹೋದಳು. ಅವರು ಪೇಪರ್ ಓದುವ ಮೇಜಿನಲ್ಲಿ ಒಬ್ಬರೇ ಇದ್ದರು. ಕೂಡುರಸ್ತೆಯಲ್ಲಿ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿ, ಕಪ್ಪನ್ನು ಮುಂದಿಟ್ಟಳು.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಯಮ ಅಂದ್ರೆ, ದಾರಿ ನೋಡ್ಕೊಳ್ಳೋದು ಓಡೋರ ಜವಾಬ್ದಾರಿ. ಇನ್ನೊಬ್ರಿಗೆ ಹೇಳ್ಬೇಕು ಅಂತ ಎಲ್ಲೂ ಬರೆದಿಲ್ಲ. ಕಪ್ಪು ನಿಮ್ದೇ."

"ನಂಗೆ ಬೇಡ ಮೇಷ್ಟ್ರೇ."

"ನಿಮಗೆ ಬೇಡದೇ ಇರಬಹುದು. ಆದ್ರೆ ಇದನ್ನ ನಾನು ಇಟ್ಕೊಂಡ್ರೆ ನೀವು ಹಗುರಾಗಿ ಮನೆಗೆ ಹೋಗ್ತೀರಿ. ಹೇಳ್ಬೇಕಾದವರಿಗೆ ಹೇಳಿದ್ದೀರಾ?"

ಅವರು ಕಪ್ಪನ್ನು ಮೆಲ್ಲಗೆ ಅವಳ ಕಡೆಗೆ ತಳ್ಳಿ ಪೇಪರ್ ಎತ್ತಿಕೊಂಡರು.

ಆ ಭಾನುವಾರ ಓಟವಿರಲಿಲ್ಲ. ಮಧ್ಯಾಹ್ನ ತಾರಸಿಯಲ್ಲಿ ಕಿರಿಸೊಸೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಹಿರಿಸೊಸೆ ಹತ್ತಿ ಬಂದದ್ದನ್ನು ನೋಡಿ ಒಂದು ಹಾಸಿಗೆ ಬಟ್ಟೆಯ ತುದಿಯನ್ನು ಅವಳ ಕೈಗೆ ಕೊಟ್ಟಳು. ಇಬ್ಬರೂ ಎದುರುಬದುರು ನಿಂತು ಜಗ್ಗಿ, ಮಡಚಿ, ಹತ್ತಿರ ಬಂದರು. ಕಿರಿಸೊಸೆ ಆಸ್ಪತ್ರೆಯಲ್ಲಿ ಮಡಚುವ ಹಾಗೆ ಅಂಚಿಗೆ ಅಂಚು ಕೂರಿಸುತ್ತಿದ್ದಳು.

"ಅವತ್ತು ನಾನು ನೋಡಿದ್ದೆ" ಎಂದಳು ಹಿರಿಸೊಸೆ.

"ಏನನ್ನ?"

"ನೀನು ನೇರಕ್ಕೆ ಹೋಗಿದ್ದನ್ನ. ತಿರುಗಿ ನೋಡಿದ್ದನ್ನೂ ನೋಡಿದೆ. ಬೇಕು ಅಂತಲೇ ಕೂಗ್ಲಿಲ್ಲ."

ಕಿರಿಸೊಸೆಯ ಕೈ ನಿಂತಿತು. ಬಟ್ಟೆ ಇಬ್ಬರ ನಡುವೆ ಜೋತುಬಿತ್ತು. "ಯಾಕೆ?"

"ಹೊಟ್ಟೆಕಿಚ್ಚು."

"ಕಪ್ಪಿಗಾ? ಒಂದು ಮಾತು ಹೇಳಿದ್ರೆ ನಾನೇ ನಿಂತ್ಬಿಡ್ತಿದ್ದೆನಲ್ಲ ಅಕ್ಕ."

"ಅದು ನಂಗೆ ಗೊತ್ತು ಕಣೇ. ನೀನು ನಿಂತ್ಬಿಡ್ತಿದ್ದೆ. ಅದಕ್ಕೇ ಇನ್ನೂ ಜಾಸ್ತಿ ಉರಿ."

ಕಿರಿಸೊಸೆ ಉಳಿದ ಎರಡು ಮಡಿಕೆ ಮಾಡಿ, ಬಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡು ಬುಟ್ಟಿಗೆ ಹಾಕಿದಳು. ಅವಳ ದನಿ ಏರಲಿಲ್ಲ.

"ಗೋದಾಮಿನ ಹಿಂದೆ ನಾಲ್ಕು ನಾಯಿ ಇದ್ವು. ಒಂದು ಅಟ್ಟಿಸ್ಕೊಂಡು ಬಂತು, ಬಿದ್ದೆ. ಎದ್ದು ಗೋಡೆಗೆ ಆತು ನಿಂತಿದ್ದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಕೂಗಿದ್ರೂ ಕೇಳೋರು ಯಾರೂ ಇರ್ಲಿಲ್ಲ ಅಲ್ಲಿ. ಇನ್ನೇನು ಅಕ್ಕ ಬಂದ್ಬಿಡ್ತಾರೆ, ಹಿಂದೆನೇ ಇದ್ರಲ್ಲ ಅಂತ ದಾರಿ ನೋಡ್ತಾ ಇದ್ದೆ."

"ನಾಯಿ ಇದ್ದದ್ದು ನಂಗೆ…"

"ಗೊತ್ತಿರ್ಲಿಲ್ಲ. ಹೌದು. ಗೊತ್ತಿದ್ದಿದ್ರೆ ಕೂಗ್ತಿದ್ರಿ ಅಂತ ನಂಬ್ತೀನಿ. ಆದ್ರೂ ನಂಗೆ ಈಗ ನಿಮ್ಮ ಮುಖ ನೋಡೋಕಾಗ್ತಿಲ್ಲ."

ಬುಟ್ಟಿ ಸೊಂಟಕ್ಕೇರಿಸಿಕೊಂಡು ಕೆಳಗಿಳಿದಳು. ಸಂಜೆ ಅದೇ ಬುಟ್ಟಿ ಹಿಡಿದು ನಡುಮನೆಗೆ ಬಂದು, ತನ್ನ ಐದು ಕಪ್ಪುಗಳನ್ನು ಅದರಲ್ಲಿ ಹಾಕಿಕೊಂಡು ಹೋದಳು. ಟಿವಿಯ ಪಕ್ಕ ಹಿರಿಸೊಸೆಯದೊಂದೇ ಉಳಿಯಿತು.

ಅತ್ತೆಗೆ ಕಣ್ಣು ಮಂಜಾಗಿದ್ದರೂ ಮನೆಯಲ್ಲಿ ಏನಾಗಿದೆ ಎನ್ನುವುದು ಕಾಣದಿರಲಿಲ್ಲ. ಮಲಗುವ ಮುಂಚೆ ಸೊಸೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು. ಅವಳು ಹೇಳಿದಳು. ಅತ್ತೆ ತಮ್ಮ ಬೆರಳ ಗೆಣ್ಣುಗಳನ್ನು ನೀವಿಕೊಳ್ಳುತ್ತ ಶುರು ಮಾಡಿದರು.

"ನನ್ನ ವಾರಗಿತ್ತಿ ಏನು ಮಾಡಿದ್ರೂ ರುಚಿ. ನಮ್ಮ ಮಾವ ಅವಳ ಕೈ ಅಡುಗೆ ಅಂದ್ರೆ ಇನ್ನೊಂದು ತುತ್ತು ಜಾಸ್ತಿ ತಿನ್ನೋರು. ಒಂದಿನ ಅವಳು ಒಲೆ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋದ್ಲು. ನಾನು ಅಲ್ಲೇ ಕೂತು ಹಾಲು ಉಕ್ಕಿ ಪೂರ್ತಿ ಚೆಲ್ಲಿ ಹೋಗೋ ತನಕ ನೋಡ್ತಿದ್ದೆ."

ಹಿರಿಸೊಸೆಗೆ ಎದೆಯ ಭಾರ ಒಂದಿಷ್ಟು ಇಳಿದಂತಾಯಿತು. "ಹಾಗಾದ್ರೆ ನೀವೂ…"

"ನಾನೂ ಇಲ್ಲ, ಗೀನೂ ಇಲ್ಲ" ಎಂದರು ಅತ್ತೆ. "ನಂದು ಹಾಲು. ನಿಂದು ಮನುಷ್ಯಳು. ಹೋಗಿ ಮಲ್ಕೋ."

ಆ ಕಪ್ಪಿನಲ್ಲಿ ಅತ್ತೆ ಮರುದಿನದಿಂದ ಗುಂಡಿ, ಸೂಜಿ, ದಾರದುಂಡೆ ಹಾಕಿಡಲು ಶುರು ಮಾಡಿದರು. ಯಾರೂ ಬೇಡವೆನ್ನಲಿಲ್ಲ.

ಎರಡು ತಿಂಗಳು ಮೇಲಿನವಳು ಕೆಳಗಿನವಳ ಜೊತೆ ಬೇಕಾದ್ದಕ್ಕಿಂತ ಒಂದು ಮಾತೂ ಹೆಚ್ಚಾಡಲಿಲ್ಲ. ನೀರು ಬಂತು, ಕರೆಂಟ್ ಹೋಯಿತು, ಅತ್ತೆಯ ಮಾತ್ರೆ ಮುಗಿದಿದೆ, ಅಷ್ಟೆ. "ಅಕ್ಕ" ಎನ್ನುವ ಪದ ಮನೆಯಿಂದ ಗುಳೆ ಎದ್ದು ಹೋದಂತಿತ್ತು. ಗಂಡಸರಿಬ್ಬರೂ ಏನೋ ಆಗಿದೆ ಎಂದು ಗೊತ್ತಾಗಿ, ಏನೆಂದು ಕೇಳಲು ಧೈರ್ಯವಿಲ್ಲದೆ, ಕ್ರಿಕೆಟ್ಟಿನ ಬಗ್ಗೆ ಮಾತಾಡಿಕೊಂಡಿದ್ದರು.

ಮಧ್ಯದಲ್ಲಿ ಒಂದು ಓಟ ಬಂತು. ಹಿರಿಸೊಸೆ ಒಬ್ಬಳೇ ಹೋದಳು. ಚೀಲವನ್ನು ಮೇಜಿನ ಕೆಳಗೆ ತುರುಕಿ ಓಡಿ, ಆರನೆಯವಳಾಗಿ ಬಂದಳು. ಬಾಳೆಹಣ್ಣು ತಿಂದು, ಚಹಾ ಕುಡಿಯದೆ ಮನೆಗೆ ಬಂದಳು. ಕಿರಿಸೊಸೆ ಈಗ ಆಸ್ಪತ್ರೆಯ ಮೈದಾನದಲ್ಲಿ ಸಂಜೆ ಓಡುವ ನರ್ಸುಗಳ ಗುಂಪು ಸೇರಿದ್ದಾಳೆ ಎಂದು ಮೈದುನನಿಂದ ತಿಳಿಯಿತು. ಕೆಲವು ದಿನಗಳ ನಂತರ, ಊರಿನ ಆಚೆ ಬದಿಯಲ್ಲಿ ನಡೆದ ಇನ್ನೊಂದು ಓಟದ ಫಲಿತಾಂಶ ಲೈಬ್ರರಿಯ ಬೋರ್ಡಿನಲ್ಲಿ ಕಂಡಿತು. ಹೆಂಗಸರಲ್ಲಿ ಮೊದಲನೆಯ ಹೆಸರು ಕಿರಿಸೊಸೆಯದು. ನಲವತ್ತೊಂಬತ್ತು ನಿಮಿಷ ಮೂವತ್ತು ಸೆಕೆಂಡು. ಬ್ಯಾಂಕಿನ ಮೇಡಂ ಅವಳ ಕೆಳಗಿದ್ದರು.

ತಪ್ಪೊಪ್ಪಿಕೊಂಡರೆ ಹೊಟ್ಟೆಕಿಚ್ಚು ಆರಿಹೋಗುತ್ತದೆ ಎಂದು ಹಿರಿಸೊಸೆ ನಂಬಿದ್ದಳು. ಆರಿರಲಿಲ್ಲ. ಬೋರ್ಡಿನ ಮುಂದೆ ನಿಂತಾಗ ಹಿಂದಿನದೇ ಕಡ್ಡಿ, ಹಿಂದಿನದೇ ಉರಿ. ನಾಚಿಕೆ ಮತ್ತು ಹೊಟ್ಟೆಕಿಚ್ಚು ಎರಡೂ ಒಂದೇ ಮನೆಯಲ್ಲಿ ಬಾಡಿಗೆಗಿರಬಹುದು, ಒಂದು ಬಂತೆಂದು ಇನ್ನೊಂದು ಖಾಲಿ ಮಾಡುವುದಿಲ್ಲ ಎನ್ನುವುದು ಅವಳಿಗೆ ಆಗ ತಿಳಿಯಿತು. ಆದರೂ ಆ ಸಾಲನ್ನು ಎರಡು ಸಲ ಓದಿ, ಮನೆಗೆ ಹೋಗಿ ಅತ್ತೆಗೆ ಹೇಳಿದಳು. "ನಿಮ್ಮ ಚಿಕ್ಕವಳು ಮೊದಲನೆಯವಳಾಗಿ ಬಂದಿದ್ದಾಳೆ. ಐವತ್ತು ನಿಮಿಷದೊಳಗೆ." ಅತ್ತೆ ಮೆಟ್ಟಿಲ ಬುಡಕ್ಕೆ ಹೋಗಿ ಮೇಲಕ್ಕೆ ಕೂಗಿ, ಯಾಕೆ ಹೇಳಲಿಲ್ಲ ಎಂದು ಚಿಕ್ಕವಳನ್ನು ಗದರಿದರು. ಮೇಲಿನಿಂದ "ಯಾರು ಹೇಳಿದ್ರು?" ಎಂದು ದನಿ ಬಂತು. "ದೊಡ್ಡವಳು" ಎಂದರು ಅತ್ತೆ.

ಅದಾದ ನಾಲ್ಕನೆಯ ದಿನ ಮಂಗಳವಾರ. ಬೆಳಕು ಹರಿಯುವ ಹೊತ್ತಿಗೆ ಹಿರಿಸೊಸೆ ಚಿಲಕ ತೆಗೆದು ಹೊರಬಂದಾಗ ಗೇಟಿನ ಪಕ್ಕ ಕಿರಿಸೊಸೆ ಬಗ್ಗಿ ಶೂ ದಾರ ಕಟ್ಟಿಕೊಳ್ಳುತ್ತಿದ್ದಳು.

"ಮೈದಾನದಲ್ಲಿ ಪೈಪ್ ಹಾಕ್ತಿದ್ದಾರೆ, ಅಗೆದಿಟ್ಟಿದ್ದಾರೆ" ಎಂದಳು ತಲೆಯೆತ್ತದೆ. "ನಿಮ್ಮ ಜೊತೆ ಓಡೋಕೆ ಬಂದಿಲ್ಲ. ಇರೋದು ಇದೊಂದೇ ರಸ್ತೆ."

"ಸರಿ."

ಇಬ್ಬರೂ ಹೊರಟರು. ಮೊದಲ ಕಿಲೋಮೀಟರು ಹಿರಿಸೊಸೆ ಸೋಲಬಾರದೆಂದು ಸಮಕ್ಕೆ ಓಡಿದಳು. ಹಾಲಿನ ಬೂತು ದಾಟುವಾಗ ಕಿರಿಸೊಸೆ ಏನೂ ಹೇಳದೆ, ಯಾವ ಶ್ರಮವೂ ಇಲ್ಲದೆ ಮುಂದಾದಳು. ಅವಳು ನಿಧಾನ ಮಾಡಲಿಲ್ಲ, ತಿರುಗಿ ನೋಡಲೂ ಇಲ್ಲ. ಕಾಲುವೆಯ ಸೇತುವೆಯವರೆಗಿನ ನೇರ ರಸ್ತೆಯಲ್ಲಿ ಆ ಬೆನ್ನು ಚಿಕ್ಕದಾಗುತ್ತಾ ಹೋಯಿತು.

ಸೇತುವೆ ಮುಟ್ಟಿ ಹಿಂದಿರುಗಿದವಳು ಎದುರಿಗೆ ಬಂದಳು. ದಾಟಿ ಹೋಗುವ ಮುಂಚೆ ಹಿರಿಸೊಸೆಯನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿ, "ಭುಜ ಇಳ್ಸಿ ಅಕ್ಕ. ಕಿವಿ ತನಕ ಬಂದಿದೆ" ಎಂದು ಹೇಳಿ ಓಡಿದಳು.

ಹಿರಿಸೊಸೆಗೆ ಮೈಯೆಲ್ಲ ಉರಿಯಿತು. ಓಟ ಹಿಡಿಸಿದವಳು ತಾನು, ನಂಬರು ಚುಚ್ಚಿದವಳು ತಾನು, ಈಗ ಇವಳಿಂದ ಪಾಠ. ನೂರು ಹೆಜ್ಜೆ ಭುಜ ಬಿಗಿದುಕೊಂಡೇ ಓಡಿದಳು. ಆಮೇಲೆ ಒಮ್ಮೆ ಹಿಂದಕ್ಕೆ ತಿರುಗಿ, ಕಿರಿಸೊಸೆ ನೋಡುವಷ್ಟು ಹತ್ತಿರವಿಲ್ಲ ಎಂದು ಖಾತ್ರಿ ಮಾಡಿಕೊಂಡು, ಇಳಿಸಿದಳು.